ಪ್ರೊಫೆಸರರ ನೆಲಮಾಳಿಗೆ

ವಿಮರ್ಶೆಯ ಚರಿತ್ರೆಯನ್ನು ಅಭ್ಯಾಸ ಮಾಡಿದವರಿಗೆ ಜಾರ್ಜ್ ಸೇಂಟ್ಸ್‌ಬರಿಯ ಹೆಸರು ಹೊಸದಲ್ಲ. 1900ರಿಂದ 1904ರವರೆಗೆ ಮೂರು ಸಂಪುಟಗಳಲ್ಲಿ ಹೊರಬಂದ ಆತನ ಮಹಾಗ್ರಂಥವನ್ನು ಎಂ.ಎ. ತರಗತಿಯಲ್ಲಿದ್ದಾಗ ನಾನೂ ಗ್ರಂಥಾಲಯದಿಂದ ಹೊತ್ತು ತಂದಿದ್ದೆ. ಅದರ ಪೂರ್ಣ ಹೆಸರಿನಲ್ಲಿ ವಿಮರ್ಶೆಯ ಜೊತೆಗೆ ಸಾಹಿತ್ಯಾಭಿರುಚಿ ಎಂಬ ಮಾತೂ ಇದೆ. ಗ್ರೀಕರಿಂದ ಹಿಡಿದು ತನ್ನ ಕಾಲದವರೆಗಿನ ಅಭಿರುಚಿಯ ಕಥೆಯನ್ನು ಬರೆದ ಈ ಪಂಡಿತ, ಎಪ್ಪತ್ತೈದರ ಅಂಚಿನಲ್ಲಿ, 1920ರಲ್ಲಿ, ಇನ್ನೊಂದು ಪುಟ್ಟ ಪುಸ್ತಕವನ್ನು ಪ್ರಕಟಿಸಿದ. ಅದೂ ರುಚಿಯ ಚರಿತ್ರೆಯೇ. ಆದರೆ ನಾಲಿಗೆಯ ರುಚಿಯದು. ‘ನೋಟ್ಸ್ ಆನ್ ಎ ಸೆಲ್ಲರ್-ಬುಕ್’ ಎಂದು ಅದರ ಹೆಸರು. ತಾನು ಕೊಂಡ, ನೆಲಮಾಳಿಗೆಯಲ್ಲಿ ಕೂಡಿಟ್ಟ, ಕುಡಿದ, ಸ್ನೇಹಿತರಿಗೆ ಕುಡಿಸಿದ ವೈನುಗಳನ್ನು ಕುರಿತ ಟಿಪ್ಪಣಿಗಳು. ದಪ್ಪ ಸಂಪುಟಗಳು ಧೂಳು ಹಿಡಿದು ಕುಳಿತಿವೆ. ಈ ಪುಟ್ಟ ಪುಸ್ತಕವನ್ನು 2008ರಲ್ಲೂ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದವರು ಟಿಪ್ಪಣಿಗಳೊಡನೆ ಮತ್ತೆ ಅಚ್ಚು ಹಾಕಿದರು.

ನಾನೇನೂ ವೈನ್ ಬಲ್ಲವನಲ್ಲ. ನಮ್ಮ ಮನೆಯಲ್ಲಿ ದ್ರಾಕ್ಷಿಯ ಮದ್ಯವೆಂದರೆ ಪಂಡಿತರು ಕೊಡುತ್ತಿದ್ದ ದ್ರಾಕ್ಷಾಸವ. ಅದೂ ಊಟವಾದ ಮೇಲೆ ಎರಡು ಚಮಚ, ಸಮಪಾಲು ನೀರು ಬೆರೆಸಿ. ನನ್ನ ಕುತೂಹಲ ಬೇರೆಯದು. ಕಾವ್ಯ ಚೆನ್ನಾಗಿದೆಯೋ ಇಲ್ಲವೋ ಎಂದು ತರಗತಿಯಲ್ಲಿ ವಾದ ಹುಟ್ಟಿದರೆ ಪುಟ ತಿರುಗಿಸಿ ಪದ್ಯವನ್ನು ಮತ್ತೆ ಓದಿ ತೋರಿಸಬಹುದು. ಕುಡಿದೊಡನೆ ಇಲ್ಲವಾಗುವ ವಸ್ತುವಿಗೆ ವಿಮರ್ಶೆ ಹೇಗೆ? ಬರಿದಾದ ಸೀಸೆಗೆ ಸಾಕ್ಷಿ ಯಾರು?

ಮೊದಲು ನೆಲಮಾಳಿಗೆಯ ಮಾತು. ನಮ್ಮ ಹಳ್ಳಿಗಳಲ್ಲಿ ರಾಗಿಯನ್ನು ಹಗೇವಿಗೆ ತುಂಬುತ್ತಿದ್ದುದು ಅದು ಕೆಡದಿರಲೆಂದು. ವೈನನ್ನು ನೆಲದಡಿಗೆ ಇಳಿಸುವುದು ಅದು ಬದಲಾಗಲೆಂದು. ಹೊಸ ಕೆಂಪು ವೈನಿನಲ್ಲಿ ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬಂದ ಒಗರು ಇರುತ್ತದೆ. ಎಳೆಯ ಅಡಿಕೆ ಅಗಿದಂತೆ ಬಾಯಿ ಕಟ್ಟುತ್ತದೆ. ಕತ್ತಲೆಯಲ್ಲಿ, ತಂಪಿನಲ್ಲಿ, ಅಲುಗಾಡದೆ ವರ್ಷಗಟ್ಟಲೆ ಮಲಗಿದರೆ ಆ ಒಗರು ಇಳಿದು ತಳದಲ್ಲಿ ಗಸಿಯಾಗಿ ನಿಲ್ಲುತ್ತದೆ. ಬಡಿಸುವವನು ಸೀಸೆಯ ಕುತ್ತಿಗೆಯ ಹಿಂದೆ ಮೇಣದಬತ್ತಿ ಹಿಡಿದು, ಗಸಿಯ ಮೊದಲ ಎಳೆ ಕಂಡೊಡನೆ ಬಗ್ಗಿಸುವುದನ್ನು ನಿಲ್ಲಿಸಬೇಕು. ಸೀಸೆಯನ್ನು ಮಲಗಿಸಿಯೇ ಇಡಬೇಕು, ನಿಲ್ಲಿಸಬಾರದು. ಬಿರಡೆ ಒದ್ದೆಯಾಗಿದ್ದರೆ ಕುಗ್ಗುವುದಿಲ್ಲ, ಗಾಳಿ ನುಗ್ಗುವುದಿಲ್ಲ. ಇಷ್ಟು ಸಣ್ಣ ಸಂಗತಿಗೂ ಒಂದು ಚರಿತ್ರೆಯಿದೆ. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನವರು ಸೌದೆಯನ್ನು ಬಿಟ್ಟು ಕಲ್ಲಿದ್ದಲಿನ ಕುಲುಮೆಯಲ್ಲಿ ಗಾಜು ಕಾಯಿಸತೊಡಗಿದ ಮೇಲೆ ದಪ್ಪನೆಯ ಗಟ್ಟಿ ಸೀಸೆ ದೊರೆಯಿತು. ಆಗ ಅದು ಈರುಳ್ಳಿಯಂತೆ ಹೊಟ್ಟೆ ಬಿಟ್ಟಿತ್ತು. ಹದಿನೆಂಟನೆಯ ಶತಮಾನದಲ್ಲಿ ಕೊಳವೆಯ ಆಕಾರಕ್ಕೆ ಬಂದ ಮೇಲಷ್ಟೆ ಒಂದರ ಮೇಲೊಂದು ಮಲಗಿಸಲು ಸಾಧ್ಯವಾಯಿತು. 1703ರ ಮೆಥುಯೆನ್ ಒಪ್ಪಂದದಿಂದ ಪೋರ್ಚುಗಲ್ಲಿನ ವೈನಿಗೆ ಸುಂಕ ಕಡಿಮೆಯಾಗಿ ಇಂಗ್ಲಿಷರಿಗೆ ಪೋರ್ಟ್ ಅಭ್ಯಾಸವಾಗಿತ್ತು. ಸ್ಥಿತಿವಂತರು ಮಗ ಹುಟ್ಟಿದ ವರ್ಷದ ಪೋರ್ಟನ್ನು ಕೊಂಡು ಮಲಗಿಸಿ, ಅವನಿಗೆ ಇಪ್ಪತ್ತೊಂದು ತುಂಬಿದ ದಿನ ತೆಗೆಯುವ ಪದ್ಧತಿಯೂ ಬೆಳೆಯಿತು.

ಸೇಂಟ್ಸ್‌ಬರಿ ಹುಟ್ಟುಶ್ರೀಮಂತನೇನಲ್ಲ. 1845ರಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಓದಿ, ಶಾಲಾ ಉಪಾಧ್ಯಾಯನಾಗಿ, ಲಂಡನ್ನಿನಲ್ಲಿ ಪತ್ರಿಕೆಗಳಿಗೆ ಬರೆದು ಜೀವಿಸಿ, ಐವತ್ತು ಮುಟ್ಟುವ ಹೊತ್ತಿಗೆ, 1895ರಲ್ಲಿ, ಎಡಿನ್‌ಬರೋದಲ್ಲಿ ಪ್ರೊಫೆಸರನಾದವನು. ಆದ್ದರಿಂದಲೇ ಆತನ ಪುಸ್ತಕದಲ್ಲಿ ಬೆಲೆಗಳೂ ಇವೆ. ನನಗೆ ಬಹಳ ಹಿಡಿಸಿದ್ದು ಇದು. ವೈನಿನ ಜಗತ್ತಿನಲ್ಲಿ ಬೆಲೆಯೇ ಎಷ್ಟೋ ಸಲ ರುಚಿಯ ವೇಷ ಹಾಕಿಕೊಂಡು ಬರುತ್ತದೆ. 1855ರ ಪ್ಯಾರಿಸ್ ಪ್ರದರ್ಶನಕ್ಕಾಗಿ ಬೋರ್ಡೋ ಪಟ್ಟಣದ ದಲ್ಲಾಳಿಗಳು ತಮ್ಮ ನಾಡಿನ ಕೆಂಪು ವೈನುಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದಾಗ ಹಿಡಿದ ಅಳತೆಗೋಲು ಮಾರುಕಟ್ಟೆಯ ಧಾರಣೆಯೇ. ಆ ಪಟ್ಟಿಗೆ ಇಂದಿಗೂ ಪೂಜೆ ಸಲ್ಲುತ್ತಿದೆ. ಮೊದಲ ದರ್ಜೆಗೆ ಹೊಸದಾಗಿ ಒಂದು ಹೆಸರು, ಮೂತೋನ್, ಸೇರಬೇಕಾದರೆ 1973ರವರೆಗೆ ಕಾಯಬೇಕಾಯಿತು. ಸೇಂಟ್ಸ್‌ಬರಿ ತಾನು ಕುಡಿದ ಫ್ರೆಂಚ್ ವೈನುಗಳಲ್ಲೆಲ್ಲ ಅತ್ಯಂತ ಪೌರುಷವುಳ್ಳದ್ದೆಂದು ಹೊಗಳಿದ್ದು ಬೋರ್ಡೋದ್ದನ್ನಲ್ಲ. ರೋನ್ ನದಿಯ ದಡದ ಎರ್ಮಿತಾಜ್ ಗುಡ್ಡದ 1846ನೆಯ ಇಸವಿಯ ವೈನು. ಆತ ಕುಡಿಯುವಾಗ ಅದಕ್ಕೆ ನಲವತ್ತು ವರ್ಷ.

ಪುಸ್ತಕದಲ್ಲಿ ನನಗೆ ಒಪ್ಪಿಗೆಯಾಗದ ಭಾಗವೂ ಇದೆ. ಅದು ಹೊರಬಂದ ವರ್ಷದ ಜನವರಿಯಲ್ಲೇ ಅಮೆರಿಕದಲ್ಲಿ ಪಾನನಿರೋಧ ಜಾರಿಗೆ ಬಂದಿತ್ತು. ನಿರೋಧವಾದಿಗಳ ಮೇಲೆ ಮುದುಕ ಕೆಂಡ ಕಾರುತ್ತಾನೆ. ಕೋಪದಲ್ಲಿ ಶೈಲಿಯಿದೆ, ವಾದವಿಲ್ಲ. ಕುಡಿತದಿಂದ ಹಾಳಾದ ಮನೆಗಳ ಲೆಕ್ಕವನ್ನು ಯಾವ ನೆಲಮಾಳಿಗೆಯ ಪುಸ್ತಕವೂ ಇಡುವುದಿಲ್ಲ.

ಆದರೆ ಆತ ಇಟ್ಟ ಲೆಕ್ಕಕ್ಕೆ ತಾನು ಉದ್ದೇಶಿಸದ ಇನ್ನೊಂದು ಬೆಲೆ ಬಂದಿತು. 1860ರ ದಶಕದಲ್ಲಿ ದಕ್ಷಿಣ ಫ್ರಾನ್ಸಿನ ದ್ರಾಕ್ಷಿ ತೋಟಗಳು ಕಾರಣ ತಿಳಿಯದೆ ಒಣಗತೊಡಗಿದವು. 1868ರಲ್ಲಿ ಪ್ಲಾಂಶೋನ್ ಎಂಬ ವಿಜ್ಞಾನಿ ಮತ್ತು ಜೊತೆಯವರು ಬೇರನ್ನು ಅಗೆದು ನೋಡಿದಾಗ ಕಂಡದ್ದು ಕಣ್ಣಿಗೆ ಕಾಣದಷ್ಟು ಸಣ್ಣ ಹಳದಿ ಹೇನು: ಫಿಲಾಕ್ಸೆರ. ಅಮೆರಿಕದಿಂದ ತಂದ ಬಳ್ಳಿಗಳೊಡನೆ ಅದು ಸಮುದ್ರ ದಾಟಿತ್ತು. ಮದ್ದೂ ಅಲ್ಲಿಂದಲೇ ಬಂದಿತು. ಹೇನಿಗೆ ಬಗ್ಗದ ಅಮೆರಿಕದ ಬೇರಿನ ಮೇಲೆ ಯೂರೋಪಿನ ಬಳ್ಳಿಯನ್ನು ಕಸಿ ಕಟ್ಟಿದರು. (ನಮ್ಮ ಚಿಕ್ಕಬಳ್ಳಾಪುರದ ಕಡೆಯ ಬೆಂಗಳೂರು ಬ್ಲೂ ದ್ರಾಕ್ಷಿಯಲ್ಲಿಯೂ ಅಮೆರಿಕದ ಕುಲದ ಬೆರಕೆಯಿದೆ, ಅದರ ಘಮಲಿನಿಂದಲೇ ಗುರುತು ಸಿಗುತ್ತದೆ.) ಕಸಿಯಿಂದ ರುಚಿ ಕೆಟ್ಟಿತೇ ಎಂಬ ಜಗಳ ಇಂದಿಗೂ ಮುಗಿದಿಲ್ಲ. ಹಳೆಯ ಬೇರಿನ ವೈನನ್ನು ಆ ಕಾಲದಲ್ಲಿ ಕುಡಿದು, ಬಲ್ಲವನಾಗಿ, ಬರೆದಿಟ್ಟವರು ಕೆಲವರೇ. ಸೇಂಟ್ಸ್‌ಬರಿ ಅವರಲ್ಲೊಬ್ಬ. ಆ 1846ರ ಸೀಸೆಯ ರುಚಿ ಈಗ ಉಳಿದಿರುವುದು ಆತನ ವಾಕ್ಯಗಳಲ್ಲಿ ಮಾತ್ರ.

ವಾಕ್ಯಗಳನ್ನು ನಂಬಬಹುದೇ? ಸಂಶಯಕ್ಕೆ ಆಧಾರವಿದೆ. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬೋರ್ಡೋ ವಿಶ್ವವಿದ್ಯಾನಿಲಯದ 54 ಮಂದಿ ವೈನ್‌ಶಾಸ್ತ್ರದ ವಿದ್ಯಾರ್ಥಿಗಳಿಗೆ ಬಿಳಿಯ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ ಕೊಟ್ಟರು. ಅವರು ಅದರ ಪರಿಮಳವನ್ನು ಕೆಂಪು ವೈನಿಗೆ ಸಲ್ಲುವ ಮಾತುಗಳಿಂದಲೇ ವರ್ಣಿಸಿದರು. ಅದಕ್ಕೂ ಮೊದಲು, 1976ರ ಮೇ 24ರಂದು, ಪ್ಯಾರಿಸ್ಸಿನಲ್ಲಿ ಹೆಸರುಪಟ್ಟಿ ಮರೆಮಾಡಿ ನಡೆಸಿದ ಪರೀಕ್ಷೆಯಲ್ಲಿ ಫ್ರೆಂಚ್ ತಜ್ಞರೇ ಕ್ಯಾಲಿಫೋರ್ನಿಯದ ವೈನುಗಳಿಗೆ ಮೊದಲ ಸ್ಥಾನ ಕೊಟ್ಟುಬಿಟ್ಟಿದ್ದರು, ಕೆಂಪಿನಲ್ಲಿಯೂ ಬಿಳಿಯದರಲ್ಲಿಯೂ. ಇವನ್ನು ಕೇಳಿದ ನನ್ನ ವಿಜ್ಞಾನ ವಿಭಾಗದ ಮಿತ್ರರೊಬ್ಬರು ರಸಾಸ್ವಾದವೆಂಬುದೆಲ್ಲ ಬೂಟಾಟಿಕೆ ಎಂದು ತೀರ್ಪು ಕೊಟ್ಟರು. ನನ್ನ ತರಗತಿಯೂ ಆ ತೀರ್ಪಿನೊಳಗೇ ಬಂತು!

ನನಗೆ ಹಾಗೆ ತೋರುವುದಿಲ್ಲ. ಕಣ್ಣು ನಾಲಿಗೆಗೆ ಮುಂಚೆ ಮಾತಾಡುತ್ತದೆ ಎಂಬುದು ಮೊದಲನೆಯದರಿಂದ ಸಿದ್ಧವಾಗುತ್ತದೆ. ಎರಡನೆಯದರಿಂದ, ಪ್ರತಿಷ್ಠೆಯ ಪಟ್ಟಿಯನ್ನು ಮರೆಮಾಡಿದರೆ ನಾಲಿಗೆ ತನ್ನ ಸ್ವಂತದ ಮಾತನ್ನೂ ಆಡಬಲ್ಲದು ಎಂಬುದು. ರುಚಿ ಇಲ್ಲವೆಂದು ಎರಡರಿಂದಲೂ ಸಿದ್ಧವಾಗುವುದಿಲ್ಲ. ರಸವೆಂದರೇನೆಂದು ವಿವರಿಸಲು ಭರತಮುನಿ ಕೈಗೆತ್ತಿಕೊಂಡ ಉಪಮಾನವೂ ಊಟದ್ದೇ. ನಾನಾ ವ್ಯಂಜನಗಳಿಂದ ಕೂಡಿದ ಅನ್ನವನ್ನು ಉಂಡು ಸವಿಯುವವರನ್ನು ಆತ ಸುಮನಸರೆಂದು ಕರೆಯುತ್ತಾನೆ, ನಾಲಿಗೆಯೊಂದೇ ಸಾಲದು. ಒಂದೇ ವೈನನ್ನು ಬೇರೆ ಬೇರೆ ವಯಸ್ಸಿನಲ್ಲಿ ತೆಗೆದು, ಹಿಂದಿನದನ್ನು ನೆನೆದು ಇಂದಿನದಕ್ಕೆ ಹೋಲಿಸಿದವನ ಮಾತಿಗೂ ಒಂದು ಗುಟುಕಿಗೆ ಹತ್ತು ಹಣ್ಣುಗಳ ಹೆಸರು ಹೇಳುವವನ ಮಾತಿಗೂ ತೂಕ ಬೇರೆ.

1931ರಲ್ಲಿ ಲಂಡನ್ನಿನಲ್ಲಿ ಆಂದ್ರೆ ಸಿಮೋನ್ ಎಂಬ ಫ್ರೆಂಚ್ ವೈನ್ ವರ್ತಕ ಮತ್ತು ಕೆಲವು ಸಾಹಿತಿಗಳು ಸೇರಿ ಸೇಂಟ್ಸ್‌ಬರಿ ಕ್ಲಬ್ ಸ್ಥಾಪಿಸಿದರು. ಲೇಖಕರೂ ವೈನ್ ಬಲ್ಲವರೂ ಅದರ ಸದಸ್ಯರು. ಔತಣ ವರ್ಷಕ್ಕೆರಡು ಸಲ: ಷೇಕ್ಸ್‌ಪಿಯರನ ಹುಟ್ಟುಹಬ್ಬವೆನ್ನುವ ಏಪ್ರಿಲ್ 23ರಂದು ಒಮ್ಮೆ, ಸೇಂಟ್ಸ್‌ಬರಿಯ ಹುಟ್ಟುಹಬ್ಬವಾದ ಅಕ್ಟೋಬರ್ 23ರಂದು ಇನ್ನೊಮ್ಮೆ. ಬಾತ್ ನಗರದಲ್ಲಿ ನಿವೃತ್ತನಾಗಿದ್ದ ಎಂಬತ್ತಾರರ ಮುದುಕ ಒಂದಕ್ಕೂ ಬರಲಿಲ್ಲ. 1933ರ ಜನವರಿಯಲ್ಲಿ ತೀರಿಕೊಂಡ. ತನ್ನ ಜೀವನಚರಿತ್ರೆಯನ್ನು ಯಾರೂ ಬರೆಯಕೂಡದೆಂದು ಮೊದಲೇ ಹೇಳಿಟ್ಟಿದ್ದ. ಆದರೂ ಯಾವ ಔತಣಕ್ಕೆ ಏನು ಅಡಿಗೆ, ಅದರ ಜೊತೆಗೆ ಯಾವ ವರ್ಷದ ಸೀಸೆ ಎಂಬ ಪಟ್ಟಿಗಳನ್ನು ಆ ಪುಟ್ಟ ಪುಸ್ತಕದಲ್ಲಿ ತಾನೇ ಅಚ್ಚು ಹಾಕಿಸಿ ಹೋಗಿದ್ದಾನೆ.