ಪ್ರತಿಭೆಯ ಭಾರವೂ ಕನ್ನಡ ಕಾದಂಬರಿಯೂ

ಬೆಳಗಾವಿ ಜಿಲ್ಲೆಯ ಕುಲಗೋಡವು ಹಿಂದೆ ಗೋಕಾಕ ತಾಲೂಕಿಗೂ ಈಗ ಮೂಡಲಗಿ ತಾಲೂಕಿಗೂ ಸೇರಿದ ಗ್ರಾಮವು. ಆ ಊರಿನ ಹೆಸರು ಕನ್ನಡಿಗರ ಬಾಯಲ್ಲಿ ನಿಂತಿರುವುದು ಒಬ್ಬ ಕವಿಯಿಂದ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬೆಳಗಾಗುವ ವರೆಗೆ ಆಡುತ್ತ ಬಂದ ‘ಶ್ರೀಕೃಷ್ಣ ಪಾರಿಜಾತ’ವು ಕುಲಗೋಡ ತಮ್ಮಣ್ಣನದೆಂದು ಲೋಕಪ್ರಸಿದ್ಧವಾಗಿದೆ. ಆಟವುಂಟು, ಹಾಡುಂಟು, ಕವಿಯ ಹೆಸರೂ ಉಂಟು. ಆತನ ಬಾಳು ಮಾತ್ರ ನಮ್ಮ ಕೈಗೆ ಬಂದಿಲ್ಲ. ಶಾಸನಗಳು ದಾನ ಕೊಟ್ಟವರನ್ನು ಹೇಳುತ್ತವೆ. ಕಾವ್ಯಗಳ ಪೀಠಿಕೆಗಳು ಗುರುವನ್ನೂ ಪೋಷಕನನ್ನೂ ಹೇಳುತ್ತವೆ. ಕೃತಿಯೊಂದನ್ನು ಹುಟ್ಟಿಸಿದವನು ಅದಕ್ಕಾಗಿ ಏನನ್ನು ತೆತ್ತನು, ಅವನ ಮನೆಯವರು ಏನನ್ನು ತೆತ್ತರು ಎಂಬ ವಿಷಯವನ್ನು ಇವೆರಡೂ ಹೇಳುವುದಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಆ ಕೆಲಸವನ್ನು ಕಾದಂಬರಿಯು ಕೈಗೊಂಡಿತು. ಅದು ಎಷ್ಟರ ಮಟ್ಟಿಗೆ ನೆರವೇರಿತೆಂಬುದನ್ನು ಇಲ್ಲಿ ಪರ್ಯಾಲೋಚಿಸಲಾಗುವುದು.

ಮೊದಲು ತಮ್ಮಣ್ಣನ ವಿಷಯವನ್ನೇ ನೋಡೋಣ. ಪಾರಿಜಾತವನ್ನು ಮೊದಲು ರಚಿಸಿದವನು ರಾಯಚೂರು ಸೀಮೆಯ ಅಪರಾಳ ತಮ್ಮಣ್ಣನು; ಕುಲಗೋಡದವನು ಅದನ್ನು ಪರಿಷ್ಕರಿಸಿ ಬೆಳೆಯಿಸಿದವನು. ಹೆಸರು ಒಂದೇ ಆದುದರಿಂದ ಜನರ ನೆನಪಿನಲ್ಲಿ ಇಬ್ಬರೂ ಒಬ್ಬನಾಗಿಬಿಡುವುದುಂಟು. ಕಥೆಯೂ ಅವರ ಸ್ವಂತದ್ದಲ್ಲ. ನಾರದನು ತಂದ ಹೂವು ರುಕ್ಮಿಣಿಯ ಪಾಲಾಗಿ ಸತ್ಯಭಾಮೆಯು ಮುನಿದ ವೃತ್ತಾಂತವು ಹರಿವಂಶದಲ್ಲಿದೆ. ಕೃಷ್ಣದೇವರಾಯನ ಕಾಲದಲ್ಲಿ ನಂದಿ ತಿಮ್ಮನನು ತೆಲುಗಿನಲ್ಲಿ ಅದನ್ನೇ ಪ್ರಬಂಧವಾಗಿ ಬೆಳೆಯಿಸಿದನು. ಹಾಗಾದರೆ ಕುಲಗೋಡದ ಕವಿಯನ್ನು ಕೇವಲ ಸಂಗ್ರಾಹಕನೆನ್ನಬಹುದೇ? ಎನ್ನಲಾಗದು. ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಅರ್ಥಹರಣವನ್ನು ವಿಚಾರಿಸುತ್ತ ಪ್ರತಿಬಿಂಬಕಲ್ಪ, ಆಲೇಖ್ಯಪ್ರಖ್ಯ, ತುಲ್ಯದೇಹಿತುಲ್ಯ, ಪರಪುರಪ್ರವೇಶಸದೃಶ ಎಂದು ನಾಲ್ಕು ಬಗೆಗಳನ್ನು ಹೇಳುತ್ತಾನೆ. ಮೂಲವು ಒಂದೇ ಆಗಿದ್ದು ಪರಿಕರವೆಲ್ಲ ಬೇರೆಯಾಗಿರುವುದು ಕಡೆಯ ಬಗೆಯು. ಯೋಗಿಯು ಪರರ ದೇಹವನ್ನು ಹೊಕ್ಕು ಅದನ್ನು ನಡೆಯಿಸುವಂತೆ ಕವಿಯು ಹಿಂದಿನವನ ಕೃತಿಯನ್ನು ಹೊಕ್ಕು ಅದಕ್ಕೆ ತನ್ನ ಉಸಿರನ್ನು ಕೊಡುತ್ತಾನೆ. ಕುಲಗೋಡ ತಮ್ಮಣ್ಣನ ಸ್ಥಾನವು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯವು. ಪುರಾಣದ ಅಂತಃಪುರವನ್ನು ಅವನ ಆಟವು ಘಟಪ್ರಭೆಯ ದಂಡೆಯ ಮನೆಮಾತಿಗೆ ಇಳಿಯಿಸಿತು.

ಆದರೆ ಶಾಸ್ತ್ರವು ಇಷ್ಟಕ್ಕೇ ನಿಲ್ಲುತ್ತದೆ. ಪ್ರತಿಭೆಯೆಂದರೇನು, ಅದು ಹುಟ್ಟಿನಿಂದ ಬಂದುದೋ ಅಭ್ಯಾಸದಿಂದ ಬಂದುದೋ, ಕವಿಯದೆಷ್ಟು, ಸಹೃದಯನದೆಷ್ಟು ಎಂದು ನಮ್ಮ ಆಲಂಕಾರಿಕರು ಸೂಕ್ಷ್ಮವಾಗಿ ವಿಚಾರಿಸಿದರು. ಮಮ್ಮಟನು ಕಾವ್ಯದ ಪ್ರಯೋಜನಗಳನ್ನು ಹೇಳುವಾಗ ಯಶಸ್ಸನ್ನೂ ಧನವನ್ನೂ ಮೊದಲಿಗೇ ಎಣಿಸಿದನು. ನಷ್ಟದ ಪಟ್ಟಿಯನ್ನು ಯಾರೂ ಬರೆಯಲಿಲ್ಲ. ಪಾಠಶಾಲೆಯಲ್ಲಿ ಈ ಗ್ರಂಥಗಳನ್ನು ಕಂಠಸ್ಥ ಮಾಡಿದ ನನ್ನಂಥವನಿಗೆ ಈ ಮೌನವು ಬಹುಕಾಲ ಕಾಣಿಸಲೇ ಇಲ್ಲ. ಕವಿಗಳು ಮಾತ್ರ ಅಲ್ಲಲ್ಲಿ ಬಾಯಿಬಿಟ್ಟರು. ಬಾಣನು ‘ಹರ್ಷಚರಿತ’ದ ಮೊದಲ ಉಚ್ಛ್ವಾಸಗಳಲ್ಲಿ ತನ್ನ ಅಲೆದಾಟದ ಯೌವನವನ್ನೂ ಅದರಿಂದ ಬಂದ ಅಪವಾದವನ್ನೂ ತಾನೇ ಹೇಳಿಕೊಂಡನು. ಅವನ ‘ಕಾದಂಬರಿ’ಯಾದರೋ ಅಪೂರ್ಣವಾಗಿ ಉಳಿದು ಮಗನಿಂದ ಮುಗಿಯಿತು. ಕನ್ನಡ ಮರಾಠಿಗಳೆರಡರಲ್ಲಿಯೂ ಈ ಹೊಸ ಗದ್ಯಪ್ರಕಾರಕ್ಕೆ, ಕರ್ತೃವು ಮುಗಿಸಲಾರದೆ ಬಿಟ್ಟ ಗ್ರಂಥದ ಹೆಸರೇ ಬಂದು ಸೇರಿತು.

ಕನ್ನಡದಲ್ಲಿ ಕಲಾವಿದನನ್ನು ನಾಯಕನ ಪೀಠದಲ್ಲಿ ಕೂರಿಸಿದ ಕೀರ್ತಿಯು ಬಹುಮಟ್ಟಿಗೆ ಅ. ನ. ಕೃಷ್ಣರಾಯರಿಗೆ ಸಲ್ಲಬೇಕು. ‘ಸಂಧ್ಯಾರಾಗ’ದಲ್ಲಿ ಗಾಯಕನು, ‘ಉದಯರಾಗ’ದಲ್ಲಿ ಚಿತ್ರಗಾರನು, ‘ನಟಸಾರ್ವಭೌಮ’ದಲ್ಲಿ ರಂಗನಟನು. ಇವರೇ ಏಕೆ, ಆಗಲೇ ಏಕೆ ಎಂಬುದಕ್ಕೆ ಕಾರಣವು ಆ ಕಾಲದ ಸ್ಥಿತಿಯಲ್ಲಿದೆ. ಗುಡಿಯ ಮತ್ತು ಅರಮನೆಯ ಆಶ್ರಯವು ಸಡಿಲುತ್ತಿದ್ದಿತು. 1934ರಲ್ಲಿ ‘ಸತಿ ಸುಲೋಚನಾ’ದೊಡನೆ ಕನ್ನಡ ವಾಕ್ಚಿತ್ರವು ಬಂದು ನಾಟಕದ ಕಂಪನಿಗಳಿಗೆ ಹೊಸ ಎದುರಾಳಿಯು ಹುಟ್ಟಿತು. ಕಲಾವಿದನು ಯಾರ ಅನ್ನವನ್ನು ಉಣ್ಣಬೇಕೆಂಬ ಪ್ರಶ್ನೆಯು ಆಗ ಬರಿಯ ಕಲ್ಪನೆಯಾಗಿರಲಿಲ್ಲ. ಕೃಷ್ಣರಾಯರ ಕನಿಕರವು ಉದಾರವಾದುದು. ಅದೇ ಅವರ ದೋಷವೂ ಹೌದು: ‘ಸಂಧ್ಯಾರಾಗ’ದ ಲಕ್ಷ್ಮಣನ ಕಷ್ಟವು ಅವನ ಕಲೆಗೆ ಪ್ರಮಾಣಪತ್ರದಂತೆ ನಿಲ್ಲುತ್ತದೆ; ಲೋಕವು ತಪ್ಪು, ಕಲಾವಿದನು ಸರಿ ಎಂಬ ತೀರ್ಪು ಮೊದಲೇ ಆಗಿಹೋಗಿರುತ್ತದೆ.

ತ. ರಾ. ಸುಬ್ಬರಾಯರ ‘ಹಂಸಗೀತೆ’ಯು (1952) ಇತಿಹಾಸದ ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರವಾದುದು. ಚಿತ್ರದುರ್ಗದ ಗಾಯಕ ವೆಂಕಟಸುಬ್ಬಯ್ಯನ ಐತಿಹ್ಯವನ್ನು ಹಿಡಿದು ಬರೆದ ಗ್ರಂಥವಿದು. ಅರಸನ ಅಪ್ಪಣೆಗೆ ಹಾಡುವುದಕ್ಕಿಂತ ನಾಲಗೆಯನ್ನೇ ಕತ್ತರಿಸಿಕೊಂಡವನ ಕಥೆ. 1956ರ ‘ಬಸಂತ್ ಬಹಾರ್’ ಎಂಬ ಹಿಂದೀ ಚಿತ್ರಕ್ಕೂ 1975ರಲ್ಲಿ ಜಿ. ವಿ. ಅಯ್ಯರರ ಕನ್ನಡ ಚಿತ್ರಕ್ಕೂ ಇದೇ ಆಧಾರವಾಯಿತು. ಐತಿಹ್ಯವು ಪ್ರಮಾಣವಾಗದೆಂದು ಚರಿತ್ರಕಾರನು ಅದನ್ನು ಬದಿಗಿಡುವನು, ಇಡಲೂ ಬೇಕು. ಆದರೆ ಗಾಯಕನೊಬ್ಬನ ವಿಷಯದಲ್ಲಿ ಒಂದು ಊರು ತಲೆಮಾರುಗಳ ಕಾಲ ಇಂಥ ಮಾತನ್ನು ಕಾಪಾಡಿಕೊಂಡು ಬಂದಿತೆಂಬುದು ತಾನೇ ಒಂದು ಚಾರಿತ್ರಿಕ ಸಂಗತಿಯಲ್ಲವೇ? ಕುಲಗೋಡದ ವಿಷಯದಲ್ಲಿ ಇಂಥ ಕಾದಂಬರಿಕಾರನ ದಾರಿಯನ್ನು ಪೂರ್ತಿ ತಳ್ಳಿಹಾಕಲಾರೆನು.

ಕೃಷ್ಣರಾಯರ ತೀರ್ಪನ್ನು ತಿರುಗಿಸಿದ ಗ್ರಂಥವು ಎಸ್. ಎಲ್. ಭೈರಪ್ಪನವರ ‘ಮಂದ್ರ’ (2002). 2010ನೆಯ ಸಾಲಿನ ಸರಸ್ವತೀ ಸಮ್ಮಾನವನ್ನು ಪಡೆದುದು. ಅದರ ಮೋಹನಲಾಲನು ಮಹಾಗಾಯಕನು, ಅಷ್ಟೇ ನೀಚನು. ಶಿಷ್ಯೆಯಿಂದ ವಿದ್ಯೆಗೆ ಪ್ರತಿಯಾಗಿ ದೇಹವನ್ನೇ ಬೇಡುವನು, ಹೆಂಡತಿಯನ್ನು ಮರೆಯುವನು. ಪ್ರತಿಭೆಯ ಭಾರವನ್ನು ಹೊರುವವರು ಬೇರೆಯವರು ಎಂಬ ಕಠಿನವಾದ ಮಾತನ್ನು ಈ ಗ್ರಂಥದಷ್ಟು ನಿಷ್ಠುರವಾಗಿ ಕನ್ನಡದಲ್ಲಿ ಮತ್ತೊಂದು ಹೇಳಿದುದನ್ನು ನಾನು ಓದಿಲ್ಲ. ಸಂಗೀತವು ಅವನ ಪಾಪದಿಂದ ಕೆಡುವುದಿಲ್ಲ. ಅವನ ಪಾಪವು ಸಂಗೀತದಿಂದ ತೊಳೆದುಹೋಗುವುದೂ ಇಲ್ಲ. ಜರ್ಮನಿಯ ತೋಮಾಸ್ ಮಾನ್ 1947ರ ‘ಡಾಕ್ಟರ್ ಫೌಸ್ಟುಸ್’ನಲ್ಲಿ ಸಂಗೀತಕಾರನನ್ನು ಪಿಶಾಚದೊಡನೆ ಒಪ್ಪಂದಕ್ಕೆ ಇಳಿಯಿಸಿದನು, ಭೈರಪ್ಪನವರಿಗೆ ಪಿಶಾಚವೂ ಬೇಕಾಗಲಿಲ್ಲ.

ಇಷ್ಟಾದರೂ ಈ ಎಲ್ಲ ಕಾದಂಬರಿಗಳಲ್ಲಿ ಒಂದು ಕೊರತೆಯು ಕಾಣುತ್ತದೆ. ಇವುಗಳ ಕಲಾವಿದನು ಬಹುತೇಕ ಒಂಟಿಯು. ಪಾರಿಜಾತವಾದರೋ ಮೇಳದ ಕಲೆಯು: ಕವಿಯೊಬ್ಬನು ಕಟ್ಟಿದುದನ್ನು ಭಾಗವತನು ಬೆಳೆಯಿಸಬೇಕು, ಹಿಮ್ಮೇಳವು ಹಿಡಿಯಬೇಕು, ವೇಷಧಾರಿಯು ಆ ಕ್ಷಣದಲ್ಲಿ ಮಾತು ಹುಟ್ಟಿಸಬೇಕು. ಅಲ್ಲಿ ಪ್ರತಿಭೆಯು ಹಂಚಿಹೋಗಿದೆ, ಭಾರವೂ ಹಂಚಿಹೋಗಿದೆ. ಆದರೆ ಸಮವಾಗಿ ಅಲ್ಲ. ಗಂಡಸರೇ ಸತ್ಯಭಾಮೆಯಾಗುತ್ತಿದ್ದ ರಂಗವನ್ನು ಏರಿದ ಅದೇ ಸೀಮೆಯ ಕೌಜಲಗಿ ನಿಂಗಮ್ಮನ ಹೆಸರನ್ನು ಇಲ್ಲಿ ನೆನೆಯಬೇಕು. ಹೆಂಗಸು ಹಳ್ಳಿಯ ರಂಗದ ಮೇಲೆ ನಿಂತರೆ ಊರು ಏನನ್ನುವುದೆಂಬುದನ್ನು ಯಾವ ಅಲಂಕಾರಗ್ರಂಥವೂ ಹೇಳಬೇಕಾಗಿಲ್ಲ. ವಂಗದ ತಾರಾಶಂಕರ ಬಂದ್ಯೋಪಾಧ್ಯಾಯರು 1944ರ ‘ಕವಿ’ಯಲ್ಲಿ ಡೋಮ ಕುಲದ ಹಾಡುಕವಿಯನ್ನು ನಾಯಕನನ್ನಾಗಿಸಿ ಇಂಥ ಬಾಳನ್ನು ಒಳಹೊಕ್ಕು ನೋಡಿದರು. ನಮ್ಮಲ್ಲಿ ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನು ಸಂಶೋಧನೆಯ ವಿಷಯವಾಗಿಯೂ, ಸಂಗೀತಕ್ಕೆ ಸೋತ ಕುರುಬ ಹುಡುಗನನ್ನು ‘ಚಕೋರಿ’ ಮಹಾಕಾವ್ಯದ ವಿಷಯವಾಗಿಯೂ ಎತ್ತಿಕೊಂಡರು. ಆದರೆ ಅದು ಪದ್ಯವು; ಅಲ್ಲಿ ಯಕ್ಷಿಯು ಬರುತ್ತಾಳೆ, ಮೇಳದ ಲೆಕ್ಕಪತ್ರವು ಬರುವುದಿಲ್ಲ.

ಕುಲಗೋಡ, ಕೌಜಲಗಿಗಳ ಸುತ್ತಿನ ಊರುಗಳಲ್ಲಿ ಪಾರಿಜಾತದ ಹಳೆಯ ಕೈಬರಹದ ಪ್ರತಿಗಳನ್ನು ಕಂಡವರು, ಅವುಗಳ ಅಂಚಿನಲ್ಲಿ ಮೇಳದವರು ಗುರುತು ಹಾಕಿದ್ದರೆ ಅದನ್ನೂ ಬಿಡದೆ ನಕಲು ಮಾಡಿಕೊಳ್ಳಬೇಕೆಂದು ಪ್ರಾರ್ಥನೆ. ಆಟ ಕಲಿತವನ ಹೆಸರು, ಆಡಿದ ಊರು, ಕೊಟ್ಟ ಸಂಭಾವನೆ ಇಂಥ ಅಂಚುಗಳಲ್ಲಿಯೇ ಸಿಕ್ಕಬಹುದು.