ಕುರ್‌ಆನಿನ ಹೊರಗಿನ ಓದುಗರು

ಪಶ್ಚಿಮ ಯೂರೋಪಿನ ಕ್ರೈಸ್ತರು ಕುರ್‌ಆನನ್ನು ಅನುವಾದದಲ್ಲಿ ಓದತೊಡಗಿದ್ದು ಖಂಡನೆಯ ಸಲುವಾಗಿ. 1142ರಲ್ಲಿ ಸ್ಪೇನಿಗೆ ಹೋದ ಫ್ರಾನ್ಸಿನ ಕ್ಲೂನಿ ಮಠದ ಅಧಿಪತಿ ಪೀಟರ್, ಇಸ್ಲಾಮನ್ನು ವಾದದಲ್ಲಿ ಸೋಲಿಸಬೇಕಾದರೆ ಮೊದಲು ಅದರ ಗ್ರಂಥ ಕೈಯಲ್ಲಿರಬೇಕು ಎಂದು ಬಗೆದ. ಅರಬ್ಬಿಯ ಖಗೋಳ, ಗಣಿತ ಗ್ರಂಥಗಳನ್ನು ಅರಸಿ ಅಲ್ಲಿ ನೆಲೆಸಿದ್ದ ಕೆಟನ್ನಿನ ರಾಬರ್ಟ್ ಎಂಬ ಇಂಗ್ಲಿಷ್ ವಿದ್ವಾಂಸನಿಗೆ ಕೈತುಂಬ ಹಣ ಕೊಟ್ಟು ಅನುವಾದಕ್ಕೆ ಹಚ್ಚಿದ. ಮುಹಮ್ಮದ್ ಎಂಬ ಹೆಸರಿನ ಮುಸ್ಲಿಮನೊಬ್ಬನೂ ಆ ತಂಡದಲ್ಲಿದ್ದ. 1143ರಲ್ಲಿ ಮುಗಿದ ಈ ಲ್ಯಾಟಿನ್ ಕೃತಿಯ ಶೀರ್ಷಿಕೆಯಲ್ಲೇ ಪ್ರವಾದಿಯ ನಿಂದೆಯಿತ್ತು. ಆದರೆ ಒಳಗಿನ ಕೆಲಸ ಬೇರೆಯೇ ಬಗೆಯದು: ಮೂಲ ಎಲ್ಲಿ ಅಸ್ಪಷ್ಟವೆನಿಸಿತೋ ಅಲ್ಲಿ ರಾಬರ್ಟ್ ಮುಸ್ಲಿಂ ವ್ಯಾಖ್ಯಾನಕಾರರ ವಿವರಣೆಯನ್ನೇ ಅನುವಾದದೊಳಗೆ ಸೇರಿಸಿದ. ಹಗೆಯಿಂದ ಓದಹೊರಟವರಿಗೂ ಮುಸ್ಲಿಂ ಪಂಡಿತರ ನೆರವಿಲ್ಲದೆ ಮುಂದೆ ಹೋಗಲಾಗಲಿಲ್ಲ. ಈ ಚರಿತ್ರೆಯುದ್ದಕ್ಕೂ ಎದ್ದು ಕಾಣುವ ಸಂಗತಿ ಇದು.

ನಾಲ್ಕು ಶತಮಾನ ಈ ಅನುವಾದ ಹಸ್ತಪ್ರತಿಗಳಲ್ಲೇ ಉಳಿಯಿತು. ಬಾಸೆಲ್ ನಗರದ ಮುದ್ರಕ ಯೋಹಾನ್ನೆಸ್ ಒಪೊರಿನಸ್ ಅದನ್ನು ಅಚ್ಚಿಗೆ ಹಾಕಿದಾಗ ನಗರಸಭೆ ಪ್ರತಿಗಳನ್ನು ಜಪ್ತಿಮಾಡಿ ಅವನನ್ನು ಸೆರೆಗೆ ತಳ್ಳಿತು. ಆಗ ಅವನ ಪರವಾಗಿ ಪತ್ರ ಬರೆದವನು ಮಾರ್ಟಿನ್ ಲೂಥರ್. ಇಸ್ಲಾಮಿನ ಬಗ್ಗೆ ಅವನಿಗೆ ಮೆದುತನವೇನೂ ಇರಲಿಲ್ಲ. ಜನ ಓದಿದರೆ ತಾವಾಗಿಯೇ ತಿರಸ್ಕರಿಸುತ್ತಾರೆ ಎಂಬುದು ಅವನ ನಂಬಿಕೆ. 1543ರಲ್ಲಿ ಪುಸ್ತಕ ಹೊರಬಿತ್ತು, ಅದರಲ್ಲಿ ನಗರದ ಹೆಸರು ಕಾಣಿಸಬಾರದೆಂಬ ಷರತ್ತಿನ ಮೇಲೆ.

ಮುಂದೆ ಅನುವಾದದಿಂದ ಅನುವಾದ ಹುಟ್ಟತೊಡಗಿತು. 1547ರ ಇಟಾಲಿಯನ್ ಆವೃತ್ತಿ ಲ್ಯಾಟಿನ್ನಿನಿಂದ ಬಂತು. 1616ರ ಜರ್ಮನ್ ಆವೃತ್ತಿ ಆ ಇಟಾಲಿಯನ್ನಿನಿಂದ. ಈಜಿಪ್ಟಿನಲ್ಲಿ ಫ್ರಾನ್ಸಿನ ಕಾನ್ಸಲ್ ಆಗಿದ್ದ ಆಂದ್ರೆ ದ್ಯು ರಿಯೆ 1647ರಲ್ಲಿ ಅರಬ್ಬಿಯಿಂದಲೇ ಫ್ರೆಂಚಿಗೆ ತಂದ. ಎರಡೇ ವರ್ಷದಲ್ಲಿ ಅದು ಇಂಗ್ಲಿಷಿಗೆ ಇಳಿಯಿತು. ಓದುಗರು ದಾರಿತಪ್ಪದಿರಲೆಂದು ಆ ಪುಸ್ತಕಕ್ಕೆ ಎಚ್ಚರಿಕೆಯ ಮಾತುಗಳನ್ನೂ ಲಗತ್ತಿಸಲಾಗಿತ್ತು. ರಷ್ಯಾದ ಪೀಟರ್ ದೊರೆಯ ಕಾಲದ 1716ರ ರಷ್ಯನ್ ಕುರ್‌ಆನಿಗೂ ಈ ಫ್ರೆಂಚ್ ಪುಸ್ತಕವೇ ಆಧಾರ.

ಖಂಡನೆಯ ಪರಂಪರೆ ತನ್ನ ತುತ್ತತುದಿ ಮುಟ್ಟಿದ್ದು ಲುಡೊವಿಕೊ ಮರಾಚ್ಚಿಯಲ್ಲಿ. ಪೋಪ್ ಹನ್ನೊಂದನೆಯ ಇನ್ನೊಸೆಂಟನ ಪಾಪನಿವೇದನೆ ಕೇಳುತ್ತಿದ್ದ ಈ ಪಾದ್ರಿ 1698ರಲ್ಲಿ ಪಾದುವಾದಿಂದ ಅರಬ್ಬಿ ಮೂಲ, ಲ್ಯಾಟಿನ್ ಅನುವಾದ, ಮುಸ್ಲಿಂ ವ್ಯಾಖ್ಯಾನಗಳಿಂದ ಆಯ್ದ ಟಿಪ್ಪಣಿ ಮತ್ತು ಖಂಡನೆಗಳನ್ನು ಒಟ್ಟಿಗೆ ಪ್ರಕಟಿಸಿದ. ಕಾಲಾಂತರದಲ್ಲಿ ಖಂಡನೆ ಮೂಲೆ ಸೇರಿತು, ಟಿಪ್ಪಣಿಗಳು ಬಳಕೆಯಲ್ಲಿ ಉಳಿದವು. ಅವನ್ನು ಧಾರಾಳವಾಗಿ ಬಳಸಿಕೊಂಡವನು ಲಂಡನ್ನಿನ ವಕೀಲ ಜಾರ್ಜ್ ಸೇಲ್.

1734ರ ಸೇಲ್ ಅನುವಾದದಿಂದ ಓದಿನ ದಿಕ್ಕು ಬದಲಾಯಿತು ಎನ್ನಬಹುದು. ಅರಬ್ಬರ ಇತಿಹಾಸ, ಆಚಾರ, ಇಸ್ಲಾಮಿನ ಪಂಥಗಳನ್ನು ವಿವರಿಸುವ ದೀರ್ಘ ಪೀಠಿಕೆಯನ್ನು ಅವನು ಜೋಡಿಸಿದ. ಸೇಲ್ ಅರಬ್ಬರ ನಡುವೆ ಇಪ್ಪತ್ತೈದು ವರ್ಷ ಬಾಳಿದ್ದನೆಂದು ವೋಲ್ಟೇರ್ ಬರೆದುಬಿಟ್ಟ. ಅರೇಬಿಯಾವನ್ನು ಆತ ಕಂಡೇ ಇರಲಿಲ್ಲ. ಇದೇ ಪುಸ್ತಕವನ್ನು ಕಾನೂನು ವಿದ್ಯಾರ್ಥಿಯಾಗಿದ್ದ ಥಾಮಸ್ ಜೆಫರ್ಸನ್ 1765ರಲ್ಲಿ ಕೊಂಡ. ಅಮೆರಿಕದ ಸಂಸತ್ತಿನ ಮೊದಲ ಮುಸ್ಲಿಂ ಸದಸ್ಯ ಕೀತ್ ಎಲಿಸನ್ 2007ರಲ್ಲಿ ಪ್ರಮಾಣ ಸ್ವೀಕರಿಸುವಾಗ ಬಳಸಿದ್ದು ಅದೇ ಪ್ರತಿಯನ್ನು.

ಹಗೆ ತಗ್ಗಿದ ಮೇಲೂ ಓದು ಸುಲಭವಾಗಲಿಲ್ಲ. 1840ರ ಉಪನ್ಯಾಸದಲ್ಲಿ ಥಾಮಸ್ ಕಾರ್ಲೈಲ್ ಪ್ರವಾದಿಯ ಪ್ರಾಮಾಣಿಕತೆಯನ್ನು ಎತ್ತಿಹಿಡಿದ, ಗ್ರಂಥ ಓದುವುದು ಮಾತ್ರ ಮಹಾ ಪ್ರಯಾಸವೆಂದು ಗೊಣಗಿದ. ಗೊಣಗಾಟಕ್ಕೆ ಕಾರಣವಿತ್ತು. ಕುರ್‌ಆನಿನ 114 ಸೂರಾಗಳ (ಅಧ್ಯಾಯಗಳ) ಜೋಡಣೆ ಕಾಲಕ್ರಮದ್ದಲ್ಲ. ಬಹುಮಟ್ಟಿಗೆ ಉದ್ದದವು ಮುಂದೆ, ಚಿಕ್ಕವು ಹಿಂದೆ. ಏಳು ಆಯತ್‌ಗಳ (ವಚನಗಳ) ಪ್ರಾರ್ಥನೆ ಮುಗಿದೊಡನೆ 286 ಆಯತ್‌ಗಳ ಮದೀನಾ ಕಾಲದ ಸೂರಾ ಎದುರಾಗುತ್ತದೆ: ಉಪವಾಸ, ವಿಚ್ಛೇದನ, ಸಾಲಪತ್ರದ ನಿಯಮಗಳು, ನಡುನಡುವೆ ಮೂಸಾ, ಇಬ್ರಾಹೀಮರ ಪ್ರಸಂಗಗಳು. ಮಕ್ಕಾ ಕಾಲದ ಬಿರುಸಾದ, ಪ್ರಾಸಬದ್ಧ ಕಿರುಸೂರಾಗಳು ಹೆಚ್ಚಾಗಿ ಕೊನೆಯಲ್ಲಿವೆ. ಮೊದಲಿಂದ ಓದುವವನು ಅಲ್ಲಿಗೆ ತಲುಪುವ ಹೊತ್ತಿಗೆ ದಣಿದಿರುತ್ತಾನೆ. ಕಿವಿಯಿಂದ, ಪಾರಾಯಣದ ಮೂಲಕ ಗ್ರಂಥವನ್ನು ಬಲ್ಲವರಿಗೆ ಈ ತೊಡಕಿಲ್ಲ.

ಜರ್ಮನಿಯ ಥಿಯೊಡೋರ್ ನೋಲ್ಡೆಕೆ 1860ರಲ್ಲಿ ಸೂರಾಗಳ ಕಾಲಕ್ರಮವನ್ನು ಶೈಲಿ, ವಿಷಯಗಳ ಮೇಲೆ ವಿಂಗಡಿಸಿದ. ಮರುವರ್ಷವೇ ಇಂಗ್ಲೆಂಡಿನ ಪಾದ್ರಿ ರಾಡ್ವೆಲ್ ಕಾಲಕ್ರಮದ ಜೋಡಣೆಯಲ್ಲಿ ಅನುವಾದ ಪ್ರಕಟಿಸಿದ. ಇಂಥ ಮರುಜೋಡಣೆ ಓದಿಗೆ ಅನುಕೂಲವೇ ಸರಿ. ಆದರೆ ಮುಸ್ಲಿಂ ಸಮುದಾಯ ಎಂದೂ ಬಳಸದ ಪುಸ್ತಕವೊಂದು ಹಾಗೆ ತಯಾರಾಗುತ್ತದೆ. 1955ರಲ್ಲಿ ಕೇಂಬ್ರಿಜ್‌ನ ಆರ್ಬೆರಿ ಕ್ರಮಕ್ಕೆ ಕೈಹಚ್ಚದೆ ಅರಬ್ಬಿಯ ಲಯವನ್ನು ಇಂಗ್ಲಿಷಿನಲ್ಲಿ ಹಿಡಿಯಲು ಯತ್ನಿಸಿದ.

ಬಂಗಾಳದಲ್ಲಿ ಸಂಗತಿ ಬೇರೆ. ಬ್ರಾಹ್ಮಸಮಾಜದ ಕೇಶವಚಂದ್ರ ಸೇನರು ತಮ್ಮ ಶಿಷ್ಯರಿಗೆ ಒಂದೊಂದು ಧರ್ಮದ ಅಧ್ಯಯನ ವಹಿಸಿದರು. ಗಿರೀಶಚಂದ್ರ ಸೇನರ ಪಾಲಿಗೆ ಬಂದದ್ದು ಇಸ್ಲಾಂ. ನಲವತ್ತು ದಾಟಿದ ಮೇಲೆ, 1876ರಲ್ಲಿ, ಅವರು ಅರಬ್ಬಿ ಕಲಿಯಲು ಲಖನೌಗೆ ಹೋದರು. 1881ರಿಂದ 1886ರವರೆಗೆ ಬಂಗಾಳಿಯ ಮೊದಲ ಸಂಪೂರ್ಣ ಕುರ್‌ಆನ್ ಕಂತುಗಳಲ್ಲಿ ಹೊರಬಂತು, ಆರಂಭದಲ್ಲಿ ಅನುವಾದಕರ ಹೆಸರೇ ಇಲ್ಲದೆ. ಮುಸ್ಲಿಂ ವಿದ್ವಾಂಸರು ಮೆಚ್ಚಿಕೊಂಡರು. ಮುಂದಿನ ಶತಮಾನದಲ್ಲಿ ಅರಬ್ಬಿ ಕಲಿತು ಮೂಲವನ್ನೇ ಓದಿದ ವಿನೋಬಾ ಭಾವೆಯವರು ಆಯ್ದ ಆಯತ್‌ಗಳನ್ನು ವಿಷಯವಾರು ಜೋಡಿಸಿ ಸಾರಸಂಗ್ರಹವೊಂದನ್ನು ಸಿದ್ಧಪಡಿಸಿದರು. ಅದು 1962ರಲ್ಲಿ ಪ್ರಕಟವಾಯಿತು.