ಅಳತೆಗೋಲಿನ ಸೊನ್ನೆ ಎಲ್ಲಿದೆ?

ರ‍್ಯಾಂಕ್ ಅಂದ್ರೆ ನಮ್ಮ ನ್ಯೂಸ್ ರೂಮಿಗೆ ಹಬ್ಬ. ಗ್ರಾಫಿಕ್ಸ್ ರೆಡಿ ಮಾಡೋದು ಸುಲಭ, ಹೆಡ್‌ಲೈನ್ ಬರೆಯೋದು ಇನ್ನೂ ಸುಲಭ. 2025ರ ಜೂನ್‌ನಲ್ಲಿ ಸುಸ್ಥಿರ ಅಭಿವೃದ್ಧಿ ಗುರಿಗಳ ಸೂಚ್ಯಂಕ ಬಂತು. 167 ದೇಶಗಳ ಪಟ್ಟಿಯಲ್ಲಿ ಭಾರತಕ್ಕೆ 99ನೇ ಸ್ಥಾನ. ಹಿಂದಿನ ವರ್ಷ 109 ಇತ್ತು. ಮೊದಲ ಬಾರಿಗೆ ನೂರರ ಒಳಗೆ ಬಂದಿದ್ದೇವೆ ಅಂತ ಸಂಭ್ರಮಿಸಬಹುದು. ನೇಪಾಳ 85ರಲ್ಲಿದೆ, ಚೀನಾ 49ರಲ್ಲಿದೆ, ನಾವು ಇನ್ನೂ ಹಿಂದೆ ಅಂತ ಕೂಗಾಡಬಹುದು. ಎರಡಕ್ಕೂ ನಮ್ಮ ಹತ್ರ ಮ್ಯೂಸಿಕ್ ರೆಡಿ ಇರುತ್ತೆ.

ಆದ್ರೆ ಒಂದು ಮಾತು ನಾವು ಸಾಮಾನ್ಯವಾಗಿ ಹೇಳೋದೇ ಇಲ್ಲ. ಈ ರ‍್ಯಾಂಕ್ ಕೊಡೋದು ವಿಶ್ವಸಂಸ್ಥೆ ಅಲ್ಲ. ಸಸ್ಟೈನಬಲ್ ಡೆವಲಪ್‌ಮೆಂಟ್ ಸೊಲ್ಯೂಷನ್ಸ್ ನೆಟ್‌ವರ್ಕ್ ಅನ್ನೋ ತಜ್ಞರ ಜಾಲ ಇದನ್ನು ತಯಾರಿಸುತ್ತೆ. ವಿಶ್ವಸಂಸ್ಥೆಯ ಆಶ್ರಯದಲ್ಲೇ 2012ರಲ್ಲಿ ಶುರುವಾದ ಜಾಲ ಅದು, ನಿಜ. ಆದ್ರೆ ವಿಶ್ವಸಂಸ್ಥೆಯ ಅಧಿಕೃತ ವರದಿ ಈ ಗುರಿಗಳಲ್ಲಿ ಯಾವ ದೇಶ ಫಸ್ಟ್, ಯಾವ ದೇಶ ಲಾಸ್ಟ್ ಅಂತ ಪಟ್ಟಿ ಮಾಡುವುದಿಲ್ಲ.

ಎಂಜಿನಿಯರಿಂಗ್ ಓದುವಾಗ ಲ್ಯಾಬಿನಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಕೊಡ್ತಿದ್ರು. ನಾನು ಅವಸರದ ಹುಡುಗ. ಸಿಲಿಂಡರ್ ಹಿಡಿದೆ, ರೀಡಿಂಗ್ ಬರೆದೆ, ಸಹಿಗೆ ಹೋದೆ. ಮೇಷ್ಟ್ರು ರೆಕಾರ್ಡ್ ಪುಸ್ತಕ ನೋಡಲೇ ಇಲ್ಲ. "ಏನಪ್ಪಾ, ಮೊದಲು ಝೀರೋ ನೋಡಿದ್ಯಾ?" ಅಂದ್ರು. ನೋಡಿರಲಿಲ್ಲ. ಕ್ಯಾಲಿಪರ್ಸ್ ಪೂರ್ತಿ ಮುಚ್ಚಿದಾಗ ಸೊನ್ನೆ ಸೊನ್ನೆಗೆ ಕೂತಿರಲಿಲ್ಲ. ಅದೇ ಝೀರೋ ಎರರ್. ಸೊನ್ನೆ ತಪ್ಪಿದ್ರೆ ಆಮೇಲಿನ ಎಲ್ಲ ಲೆಕ್ಕವೂ ಅಷ್ಟೇ ತಪ್ಪುತ್ತೆ. ದೇಶಗಳನ್ನು ಅಳೆಯುವ ಕೋಲಿಗೂ ಒಂದು ಸೊನ್ನೆ ಇದೆ. ಅದನ್ನು ಎಲ್ಲಿಡಬೇಕು ಅಂತ ನಿರ್ಧರಿಸೋರು ಮನುಷ್ಯರು. ಈ ಅಧ್ಯಾಯದ ಕಥೆ ಅದೇ.

ಸ್ವಲ್ಪ ಹಿಂದಕ್ಕೆ ಹೋಗೋಣ. 1934. ಅಮೆರಿಕ ಮಹಾ ಆರ್ಥಿಕ ಕುಸಿತದಲ್ಲಿ ಮುಳುಗಿತ್ತು. ದೇಶದ ಆದಾಯ ಎಷ್ಟು, ಎಷ್ಟು ಕುಸಿದಿದೆ ಅನ್ನೋದೇ ಸರ್ಕಾರಕ್ಕೆ ಸರಿಯಾಗಿ ಗೊತ್ತಿರಲಿಲ್ಲ. ಸೈಮನ್ ಕುಜ್ನೆಟ್ಸ್ ಅನ್ನೋ ಅರ್ಥಶಾಸ್ತ್ರಜ್ಞ ಲೆಕ್ಕ ಹಾಕಿ ಸೆನೆಟ್‌ಗೆ ವರದಿ ಕೊಟ್ಟರು. ಇವತ್ತಿನ ಜಿಡಿಪಿಯ ಬೇರು ಅಲ್ಲಿದೆ. ಅದೇ ವರದಿಯಲ್ಲಿ ಅವರು ಒಂದು ಎಚ್ಚರಿಕೆಯನ್ನೂ ಬರೆದಿದ್ರು: ರಾಷ್ಟ್ರೀಯ ಆದಾಯದ ಅಂಕಿ ನೋಡಿ ಜನರ ಕ್ಷೇಮ ಹೇಳೋದಕ್ಕೆ ಆಗಲ್ಲ. ಅಂಕಿಯನ್ನು ಜಗತ್ತು ಎತ್ತಿಕೊಂಡಿತು. ಎಚ್ಚರಿಕೆಯನ್ನು ಅಲ್ಲೇ ಬಿಟ್ಟಿತು.

ಬಿಟ್ಟಿದ್ದರ ಪರಿಣಾಮ ಏನು? 2014ರ ಏಪ್ರಿಲ್‌ನಲ್ಲಿ ನೈಜೀರಿಯಾ ತನ್ನ ಜಿಡಿಪಿ ಲೆಕ್ಕದ ಮೂಲ ವರ್ಷವನ್ನು 1990ರಿಂದ 2010ಕ್ಕೆ ಬದಲಿಸಿತು. ಹಳೆಯ ಲೆಕ್ಕದಲ್ಲಿ ಮೊಬೈಲ್ ಉದ್ಯಮಕ್ಕಾಗಲಿ, ಅಲ್ಲಿನ ಸಿನಿಮಾ ಉದ್ಯಮಕ್ಕಾಗಲಿ ಸರಿಯಾದ ಜಾಗವೇ ಇರಲಿಲ್ಲ. ಹೊಸ ಲೆಕ್ಕ ಬಂದ ದಿನ ದೇಶದ ಆರ್ಥಿಕತೆ ಶೇ. 89ರಷ್ಟು ದೊಡ್ಡದಾಯಿತು! ದಕ್ಷಿಣ ಆಫ್ರಿಕಾವನ್ನು ಹಿಂದಿಕ್ಕಿ ಆ ಖಂಡದ ನಂಬರ್ ಒನ್ ಆಯಿತು. ಮಾರನೇ ದಿನ ಲಾಗೋಸ್‌ನ ಯಾವ ಮನೆಯಲ್ಲೂ ಒಂದು ಹೊತ್ತಿನ ಊಟ ಹೆಚ್ಚಾಗಿರಲಿಲ್ಲ. ಬದಲಾಗಿದ್ದು ಸೊನ್ನೆ ಮಾತ್ರ.

ಜಿಡಿಪಿಗೆ ಎದುರಾಗಿ ಮತ್ತೊಂದು ಅಳತೆಗೋಲು ತಂದವರು ನಮ್ಮ ಉಪಖಂಡದ ಇಬ್ಬರು ಗೆಳೆಯರು. ಪಾಕಿಸ್ತಾನದ ಮಹಬೂಬ್ ಉಲ್ ಹಕ್, ಭಾರತದ ಅಮರ್ತ್ಯ ಸೇನ್. ಇಬ್ಬರೂ ಕೇಂಬ್ರಿಡ್ಜ್‌ನಲ್ಲಿ ಓದಿದವರು. 1990ರ ಮಾನವ ಅಭಿವೃದ್ಧಿ ಸೂಚ್ಯಂಕಕ್ಕೆ ಹಕ್ ಅವರದು ನೇತೃತ್ವ. ಆಯಸ್ಸು, ಶಿಕ್ಷಣ, ಆದಾಯ ಮೂರನ್ನೂ ಸೇರಿಸಿ ಒಂದೇ ಅಂಕಿ. ಸೇನ್ ಅವರಿಗೆ ಮೊದಲು ಇದು ಹಿಡಿಸಲಿಲ್ಲ. ಇಷ್ಟು ಸಂಕೀರ್ಣ ಬದುಕನ್ನು ಒಂದು ನಂಬರಿಗೆ ಇಳಿಸೋದಾ ಅನ್ನೋದು ಅವರ ತಕರಾರು. ಹಕ್ ಅವರ ವಾದ ಬೇರೆ: ಜಿಡಿಪಿಯನ್ನು ಸೋಲಿಸಬೇಕಾದ್ರೆ ಅಷ್ಟೇ ಒರಟಾದ, ಆದ್ರೆ ಮನುಷ್ಯನ ಬದುಕಿಗೆ ಅಷ್ಟು ಕುರುಡಲ್ಲದ ಇನ್ನೊಂದು ನಂಬರ್ ಬೇಕು. ಕೊನೆಗೆ ಸೇನ್ ಒಪ್ಪಿದರು. ನಂಬರ್ ಇಲ್ಲದಿದ್ರೆ ನಮ್ಮಂಥ ಮಾಧ್ಯಮದವರು ತಿರುಗಿಯೂ ನೋಡ್ತಿರಲಿಲ್ಲ ಅನ್ನೋದು ಕಹಿ ಸತ್ಯ.

ಈಗ ಅಸಲಿ ವಿಷಯ. 2000ದ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ 189 ದೇಶಗಳು ಸಹಸ್ರಮಾನದ ಘೋಷಣೆಗೆ ಒಪ್ಪಿದವು. ಅದರಿಂದ ಎಂಟು ಗುರಿಗಳು ಹುಟ್ಟಿದವು, ಗಡುವು 2015. ಕಡುಬಡತನ ಅರ್ಧಕ್ಕೆ ಇಳಿಯಬೇಕು, ಐದು ವರ್ಷದೊಳಗಿನ ಮಕ್ಕಳ ಸಾವು ಮೂರನೇ ಒಂದು ಭಾಗಕ್ಕೆ ಇಳಿಯಬೇಕು. ಶಪಥ ಮಾಡಿದ್ದು 2000ದಲ್ಲಿ. ಅಳತೆ ಶುರು ಮಾಡಿದ್ದು ಎಲ್ಲಿಂದ? 1990ರಿಂದ! ಅಂದ್ರೆ ಶಪಥಕ್ಕೂ ಹತ್ತು ವರ್ಷ ಮೊದಲು ಚೀನಾದಲ್ಲಿ ಆಗಿದ್ದ ಬಡತನದ ಇಳಿಕೆಯೂ ಈ ಗುರಿಯ ಖಾತೆಗೆ ಜಮಾ ಆಯಿತು.

ಇನ್ನೊಂದು ಬದಲಾವಣೆ ಇನ್ನೂ ಸೂಕ್ಷ್ಮ. 1996ರಲ್ಲಿ ರೋಮ್‌ನ ವಿಶ್ವ ಆಹಾರ ಶೃಂಗಸಭೆಯಲ್ಲಿ ನಾಯಕರು ಕೊಟ್ಟ ಮಾತು, ಹಸಿದವರ ಸಂಖ್ಯೆ ಅರ್ಧ ಮಾಡ್ತೀವಿ ಅಂತ. ನಾಲ್ಕು ವರ್ಷ ಕಳೆಯೋದ್ರೊಳಗೆ ಅದು ಹಸಿದವರ ಪ್ರಮಾಣ ಅರ್ಧ ಮಾಡ್ತೀವಿ ಅಂತ ಆಯಿತು. ಒಂದು ಊರಲ್ಲಿ ನೂರು ಜನ, ಇಪ್ಪತ್ತು ಜನ ಹಸಿದಿದ್ದಾರೆ ಅಂದುಕೊಳ್ಳಿ. ಊರು ಬೆಳೆದು ಇನ್ನೂರಾಯಿತು, ಹಸಿದವರು ಇಪ್ಪತ್ತೇ ಉಳಿದರು. ರೋಮ್ ಮಾತಿನ ಪ್ರಕಾರ ಫೇಲ್. ನ್ಯೂಯಾರ್ಕ್ ಮಾತಿನ ಪ್ರಕಾರ ಪಾಸ್. ಇಪ್ಪತ್ತು ಜನರ ಹೊಟ್ಟೆ ಮಾತ್ರ ಹಾಗೇ ಇದೆ.

ಈಗ ಮಕ್ಕಳ ಸಾವಿನ ಲೆಕ್ಕ ನೋಡಿ. 1990ರಲ್ಲಿ ಭಾರತದಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 126 ಮಕ್ಕಳು ಐದನೇ ವರ್ಷ ಕಾಣದೆ ಹೋಗ್ತಿದ್ದವು. 2015ಕ್ಕೆ ವಿಶ್ವಸಂಸ್ಥೆಯ ಅಂದಾಜಿನಲ್ಲಿ ಅದು 48ಕ್ಕೆ ಇಳಿಯಿತು. ಗುರಿ 42. ಆರು ಅಂಕದಲ್ಲಿ ನಾವು ಫೇಲ್. ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ 179 ಇದ್ದದ್ದು 86 ಆಯಿತು. ಅವರೂ ಫೇಲ್. ಅದೇ ಅವಧಿಯಲ್ಲಿ ಮುಂದುವರಿದ ದೇಶಗಳಲ್ಲಿ 15ರಿಂದ 6ಕ್ಕೆ ಇಳಿಯಿತು. ಶೇಕಡಾವಾರು ನೋಡಿದ್ರೆ ಶ್ರೀಮಂತರದು ಶೇ. 60ರ ಇಳಿಕೆ, ಆಫ್ರಿಕಾದ್ದು ಶೇ. 52. ಆದ್ರೆ ಜೀವಗಳ ಲೆಕ್ಕ ಹಾಕಿ. ಶ್ರೀಮಂತ ದೇಶಗಳಲ್ಲಿ ಸಾವಿರಕ್ಕೆ ಒಂಬತ್ತು ಮಕ್ಕಳು ಹೆಚ್ಚಾಗಿ ಉಳಿದವು. ಆಫ್ರಿಕಾದಲ್ಲಿ ಉಳಿದದ್ದು 93.

ತೊಂಬತ್ಮೂರು ಮಕ್ಕಳನ್ನು ಉಳಿಸಿದವರು ಹಿಂದೆ, ಒಂಬತ್ತು ಉಳಿಸಿದವರು ಮುಂದೆ. ಗಣಿತದಲ್ಲಿ ತಪ್ಪಿಲ್ಲ. ಆದ್ರೆ ಅತಿ ಕೆಳಗಿಂದ ಹೊರಟವರಿಗೆ ಆ ಅಳತೆಗೋಲು ನ್ಯಾಯ ಮಾಡಲಿಲ್ಲ. ವಿಲಿಯಂ ಈಸ್ಟರ್ಲಿಯಂಥ ಅರ್ಥಶಾಸ್ತ್ರಜ್ಞರು ಈ ಗುರಿಗಳು ಆಫ್ರಿಕಾಕ್ಕೆ ಅನ್ಯಾಯ ಮಾಡ್ತಿವೆ ಅಂತ ಗಡುವಿಗೆ ಮೊದಲೇ ಬರೆದಿದ್ರು.

ಹಾಗಾದ್ರೆ ಅಳೆಯೋದೇ ಬೇಡವಾ? ಖಂಡಿತ ಬೇಕು. ಅದೇ ಆಫ್ರಿಕಾದಲ್ಲಿ 1990ರಿಂದ 1995ರವರೆಗಿನ ವೇಗಕ್ಕೆ ಹೋಲಿಸಿದ್ರೆ, 2005ರಿಂದ 2013ರ ನಡುವೆ ಮಕ್ಕಳ ಸಾವು ಐದು ಪಟ್ಟಿಗಿಂತ ಹೆಚ್ಚು ವೇಗವಾಗಿ ಇಳಿಯಿತು. ಲಸಿಕೆ, ಸೊಳ್ಳೆಪರದೆ, ಹಣ, ಜೊತೆಗೆ ಎಲ್ಲರೂ ನೋಡ್ತಿದ್ದಾರೆ ಅನ್ನೋ ಒತ್ತಡ, ಎಲ್ಲವೂ ಸೇರಿತು. ಯಾರೂ ಲೆಕ್ಕ ಕೇಳದಿದ್ರೆ ಯಾವ ಸರ್ಕಾರವೂ ಲೆಕ್ಕ ಕೊಡಲ್ಲ.

2015ರ ಸೆಪ್ಟೆಂಬರ್‌ನಲ್ಲಿ ಹಳೆಯ ಎಂಟು ಗುರಿಗಳ ಜಾಗಕ್ಕೆ 17 ಗುರಿಗಳು ಬಂದವು. ಅದರ ಕೆಳಗೆ 169 ಉಪಗುರಿಗಳು. ಗಡುವು 2030. ಈ ಸಲ ಶ್ರೀಮಂತ ದೇಶಗಳಿಗೂ ಪರೀಕ್ಷೆ ಇದೆ, ಅದು ಒಳ್ಳೆಯದೇ. ಆದ್ರೆ ಸಹಿ ಬಿದ್ದಾಗ ಎಷ್ಟೋ ಸೂಚಕಗಳನ್ನು ಅಳೆಯುವ ವಿಧಾನವೇ ಇರಲಿಲ್ಲ. ಎಲ್ಲದಕ್ಕೂ ಒಂದು ಒಪ್ಪಿತ ವಿಧಾನ ಸಿಕ್ಕಿದ್ದು 2020ರಲ್ಲಿ. ಹದಿನೈದು ವರ್ಷದ ಓಟದಲ್ಲಿ ಹೆಚ್ಚುಕಡಿಮೆ ಐದು ವರ್ಷ ಟೇಪ್ ಹುಡುಕೋದ್ರಲ್ಲೇ ಹೋಯಿತು.

2024ರ ವಿಶ್ವಸಂಸ್ಥೆ ವರದಿ ಬಂದಾಗ ಎಲ್ಲ ಚಾನೆಲ್‌ಗಳ ಹೆಡ್‌ಲೈನ್ ಒಂದೇ: ಕೇವಲ ಶೇ. 17ರಷ್ಟು ಗುರಿಗಳು ಮಾತ್ರ ಸರಿದಾರಿಯಲ್ಲಿ. ನಾನೂ ಓದಿದೆ. ಆದ್ರೆ ಶೇ. 17 ಯಾವುದರಲ್ಲಿ? 169ರಲ್ಲಿ ಅಲ್ಲ. ಅಳೆಯಲು ಸಾಧ್ಯವಾದ 135ರಲ್ಲಿ. ಉಳಿದ 34 ಉಪಗುರಿಗಳಲ್ಲಿ ಜಗತ್ತು ಮುಂದೆ ಹೋಗಿದೆಯಾ ಹಿಂದೆ ಬಂದಿದೆಯಾ ಅಂತ ಹೇಳೋಕೆ ಸಾಕಷ್ಟು ಮಾಹಿತಿಯೇ ಇಲ್ಲ. ಅಂದು ನಾನು ಆ ಸಾಲು ಓದಲಿಲ್ಲ. ಟೈಮ್ ಇರಲಿಲ್ಲ ಅಂತ ಹೇಳಬಹುದು. ನಿಜ ಹೇಳಬೇಕಂದ್ರೆ, ಗಮನಿಸಿರಲಿಲ್ಲ.

ಈಗ ನನಗೆ ಹೆಚ್ಚು ಭಯ ಹುಟ್ಟಿಸೋದು ರ‍್ಯಾಂಕ್ ಅಲ್ಲ. ಅಳತೆಗೋಲೇ ಕೈತಪ್ಪೋದು. ಬಡ ದೇಶಗಳಲ್ಲಿ ಎಲ್ಲ ಹುಟ್ಟು ಸಾವೂ ಸರ್ಕಾರಿ ದಾಖಲೆಗೆ ಬರಲ್ಲ. ಅಲ್ಲಿ ಮಾಹಿತಿ ಸಿಗೋದು ಮನೆಮನೆ ಸಮೀಕ್ಷೆಯಿಂದ. ತಾಯಂದಿರ ಎದುರು ಕೂತು ಕೇಳ್ತಾರೆ: ಎಷ್ಟು ಮಕ್ಕಳು ಹುಟ್ಟಿದ್ರಮ್ಮ, ಎಷ್ಟು ಉಳಿದ್ರು, ಹೋದ ಮಗುವಿಗೆ ಆಗ ಎಷ್ಟು ವಯಸ್ಸು? ಆ ಉತ್ತರಗಳೇ ನಾಳೆ ಜಗತ್ತಿನ ಅಂಕಿ ಆಗುತ್ತೆ. 1984ರಿಂದ 90ಕ್ಕೂ ಹೆಚ್ಚು ದೇಶಗಳಲ್ಲಿ ಇಂಥ ಸಮೀಕ್ಷೆಗೆ ಕೈಜೋಡಿಸಿದ್ದ ಡಿಎಚ್‌ಎಸ್ ಕಾರ್ಯಕ್ರಮಕ್ಕೆ ಅಮೆರಿಕ ಸರ್ಕಾರ 2025ರ ಫೆಬ್ರವರಿಯಲ್ಲಿ ನೆರವು ನಿಲ್ಲಿಸಿತು. ಗಡುವಿಗೆ ಐದೇ ವರ್ಷ ಇರುವಾಗ!

ನಮ್ಮ ಮನೆ ಕಥೆ ಏನು? ನಮ್ಮಲ್ಲಿ 1992–93ರಿಂದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೀತಾ ಬಂದಿದೆ, ಅದು ದೊಡ್ಡ ಆಸ್ತಿ. ಆದ್ರೆ ಕೊನೆಯ ಜನಗಣತಿ 2011ರದ್ದು. ಮುಂದಿನದರ ಎಣಿಕೆಯ ದಿನಾಂಕ 2027ರ ಮಾರ್ಚ್ 1. ಮಧ್ಯೆ ಹದಿನಾರು ವರ್ಷ. ತಲಾ ಇಷ್ಟು, ಲಕ್ಷಕ್ಕೆ ಇಷ್ಟು ಅಂತ ಈ ಅವಧಿಯಲ್ಲಿ ನಾವು ಓದಿದ ಅಂಕಿಗಳ ಕೆಳಗೆ ನಿಂತಿರೋದು ಎಣಿಸಿದ ತಲೆಗಳಲ್ಲ, ಅಂದಾಜಿನ ತಲೆಗಳು.

ಹಾಗಾಗಿ ಇನ್ನು ಮುಂದೆ ಟಿವಿಯಲ್ಲಿ ಯಾವುದೇ ರ‍್ಯಾಂಕ್ ಬಂದಾಗ ಮೂರು ಪ್ರಶ್ನೆ ಕೇಳಿ. ಅಳೆದವರು ಯಾರು? ಎಲ್ಲಿಂದ ಅಳೆಯಲು ಶುರು ಮಾಡಿದ್ರು? ಲೆಕ್ಕಕ್ಕೆ ಸಿಗದೆ ಹೊರಗೆ ಉಳಿದವರು ಎಷ್ಟು ಜನ? ಉತ್ತರ ಸಿಕ್ಕ ಮೇಲೆ ಸಂಭ್ರಮ ಬೇಕಾ, ಸಿಟ್ಟು ಬೇಕಾ ಅಂತ ನೀವೇ ತೀರ್ಮಾನ ಮಾಡಿ.

ಮುಂದಿನ ಸಲ ನಾನೇ ಸ್ಕ್ರೀನ್ ಮೇಲೆ ಬಂದು ಝೀರೋ ನೋಡದೆ ರೀಡಿಂಗ್ ಓದಿದ್ರೆ, ನಮ್ಮ ಮೇಷ್ಟ್ರು ಕೇಳಿದ ಹಾಗೇ ನನ್ನನ್ನೂ ಕೇಳಿ. ಬೇಜಾರಿಲ್ಲ.